ಕಾರ್ಬನ್ ಪ್ರತಿಯಲ್ಲಿ ಸೊನ್ನೆಗಳು

ಫೈಲು ಹಿಡಿದು ಬಂದ ಆ ಹೆಂಗಸು ಕುರ್ಚಿಯಲ್ಲಿ ಕೂರುವ ಮೊದಲೇ ನಮ್ಮ ಗೋಡೆ ಗಡಿಯಾರವನ್ನು ನೋಡಿದಳು. ನನಗೆ ಅಲ್ಲೇ ಅನುಮಾನ ಶುರುವಾಯಿತು. ಬೇರೆಯವರ ಮನೆಗೆ ಬಂದು ಗಡಿಯಾರ ನೋಡುವವರು ಒಂದೋ ಹೊರಡುವ ಅವಸರದಲ್ಲಿರುತ್ತಾರೆ, ಇಲ್ಲವೇ ಏನನ್ನೋ ಎಣಿಸಲು ಬಂದಿರುತ್ತಾರೆ. ಈಕೆಗೆ ಅವಸರವಿದ್ದಂತೆ ಕಾಣಲಿಲ್ಲ.

"ಅಮ್ಮಾ, ಇದು ನಿಮಗೆ," ಎಂದು ಹನ್ನೆರಡು ಹಾಳೆಗಳನ್ನು ಮೇಜಿನ ಮೇಲಿಟ್ಟಳು. "ತಿಂಗಳಿಗೊಂದು ತುಂಬ್ಸಿ ಅಂಚೆಗೆ ಹಾಕಿಬಿಡಿ. ನಮ್ಮ ನರ್ಸ್ ಸಿಸ್ಟರ್ ನಿಮ್ಮನೆಗೆ ಬರೋದ್ರಿಂದ ಎಷ್ಟು ಪ್ರಯೋಜನ ಆಗ್ತಿದೆ ಅಂತ ಲೆಕ್ಕ ಹಾಕ್ತಿದೀವಿ. ಹಾಳೆನ ನಿಮ್ಮ ಮೊಮ್ಮಗಳಿಗೂ ತೋರಿಸಿ, ಮುಚ್ಚಿಡೋದೇನಿಲ್ಲ."

"ಯಾರಿಗೆ ಪ್ರಯೋಜನ?"

"ಎಲ್ಲರಿಗೂ," ಎಂದು ನಕ್ಕಳು.

ಎಲ್ಲರಿಗೂ ಎನ್ನುವವರನ್ನು ನಾನು ನಂಬುವುದಿಲ್ಲ. ಹಾಳೆಯ ತಲೆಯಲ್ಲಿ ಹೆಸರಿರಲಿಲ್ಲ, ಹದಿನೇಳು ಎಂಬ ಸಂಖ್ಯೆ ಇತ್ತು. ನನ್ನ ಮೊಮ್ಮಗಳು ಹದಿನೇಳು. ಅದರ ಕೆಳಗೆ ಖಾನೆಗಳು: ಈ ತಿಂಗಳು ಆಕೆಯನ್ನು ನೋಡಿಕೊಳ್ಳಲು ಮನೆಯವರು ಎಷ್ಟು ಗಂಟೆ ಕಳೆದರು? ಎಷ್ಟು ದಿನ ಕೆಲಸಕ್ಕೆ ರಜೆ ಹಾಕಿದರು? ಪೊಲೀಸರು ಎಷ್ಟು ಸಲ ಬಂದರು?

ನಾನು ಇಪ್ಪತ್ತೆಂಟು ವರ್ಷ ವಿಮಾ ಕಚೇರಿಯಲ್ಲಿ ಫಾರಂ ಓದಿದವಳು. ಪರಿಹಾರ ಕೇಳುವ ಅರ್ಜಿಗಳು ಮೊದಲು ನನ್ನ ಮೇಜಿಗೆ ಬರುತ್ತಿದ್ದವು. ಖಾನೆಯಲ್ಲಿ ದೊಡ್ಡ ಸಂಖ್ಯೆ ಕಂಡರೆ ಅದರ ಕೆಳಗೊಂದು ಕೆಂಪು ಗೆರೆ. ಕೆಂಪು ಗೆರೆಯ ಅರ್ಜಿ ಮೇಲಿನ ಮಹಡಿಗೆ ಹೋದರೆ ಒಳ್ಳೆಯ ಸುದ್ದಿ ಹೊತ್ತು ಇಳಿದು ಬಂದದ್ದನ್ನು ನಾನು ಕಂಡಿಲ್ಲ. ಅದಕ್ಕೇ ಈ ಹಾಳೆಯ ಹೂರಣವೂ ನನಗೆ ಅರ್ಥವಾಯಿತು ಅಂದುಕೊಂಡೆ. ಭಾರವಾದ ಮನೆ ಯಾವುದು ಎಂದು ಹುಡುಕುತ್ತಿದ್ದಾರೆ. ಭಾರವಾದದ್ದನ್ನು ಕೆಳಗಿಳಿಸುತ್ತಾರೆ. ಸಿಸ್ಟರ್ ಬರುವುದು ನಿಲ್ಲುತ್ತದೆ, ಹುಡುಗಿಯನ್ನು ದೊಡ್ಡಾಸ್ಪತ್ರೆಯ ವಾರ್ಡಿಗೆ ಹಾಕಿ ಎನ್ನುತ್ತಾರೆ.

ನಾನು ಎಲ್ಲ ಖಾನೆಗೂ ಸೊನ್ನೆ ಹಾಕಿದೆ. ಹಳೆಯ ಅಭ್ಯಾಸ, ಕೆಳಗೆ ಕಾರ್ಬನ್ ಇಟ್ಟು ಒಂದು ಪ್ರತಿ ಉಳಿಸಿಕೊಂಡೆ.

"ಏನಜ್ಜಿ ಬರೀತಿದೀಯ?"

ಮೊಮ್ಮಗಳು ಬಾಗಿಲ ಚೌಕಟ್ಟಿಗೆ ಒರಗಿ ನಿಂತಿದ್ದಳು. ಮೂರು ದಿನದಿಂದ ತಲೆ ಬಾಚಿರಲಿಲ್ಲ.

"ದಿನಸಿ ಪಟ್ಟಿ ಕಣೆ."

"ದಿನಸಿ ಪಟ್ಟಿಗೆ ಕಾರ್ಬನ್ ಯಾಕೆ?"

ನಾನು ಕಾರ್ಬನ್ನನ್ನು ಹಾಳೆಯ ಕೆಳಕ್ಕೆ ಸರಿಸಿದೆ. ಅವಳು ಉತ್ತರಕ್ಕೆ ಕಾಯಲಿಲ್ಲ. ಒಳಗೆ ಹೋಗಿ ಚಿಲಕ ಹಾಕಿಕೊಂಡಳು.

ಅವಳಿಗೆ ಇಪ್ಪತ್ತೆರಡು ವರ್ಷ. ಬಸ್ ಡಿಪೋದಲ್ಲಿ ಸಮಯ ಬರೆಯುವ ಕೆಲಸ ಸಿಕ್ಕಿತ್ತು. ಯಾವ ಬಸ್ಸು ಎಷ್ಟು ಗಂಟೆಗೆ ಹೊರಟಿತು, ಎಷ್ಟಕ್ಕೆ ಬಂತು, ತಡವಾದರೆ ಷರಾ. ಉದ್ದನೆಯ ಪುಸ್ತಕದಲ್ಲಿ ಮುತ್ತಿನಂಥ ಅಕ್ಷರದಲ್ಲಿ ಬರೆಯುತ್ತಿದ್ದಳು. ಏಳನೆಯ ತಿಂಗಳಲ್ಲಿ, ನಾಲ್ಕರಲ್ಲಿ ಮುಗಿಯುವ ನಂಬರಿನ ಬಸ್ಸುಗಳು ತನ್ನ ಮೇಲೆ ಕಣ್ಣಿಟ್ಟಿವೆ ಎಂದು ಅವಳಿಗೆ ಅನ್ನಿಸತೊಡಗಿತು. ಆಮೇಲೆ ಡ್ರೈವರುಗಳು ಹಾರ್ನಿನಲ್ಲಿ ತನ್ನ ಸುದ್ದಿ ಮಾತಾಡಿಕೊಳ್ಳುತ್ತಿದ್ದಾರೆ ಎಂದಳು. ಯಾರೋ ತನ್ನ ಬಗ್ಗೆ ಎಲ್ಲಾ ಬರೆದಿಡುತ್ತಿದ್ದಾರೆ ಎಂದಳು. ಒಂದು ಮಧ್ಯಾಹ್ನ ಡಿಪೋದ ಮೇಲ್ವಿಚಾರಕರು ಅವಳನ್ನು ಮನೆಗೆ ಕರೆತಂದರು. ಗಾಡಿ ಹತ್ತಲು ಅವಳಿಗೆ ಭಯವೆಂದು ಆ ಮನುಷ್ಯ ಬಿಸಿಲಲ್ಲಿ ಎರಡು ಮೈಲಿ ನಡೆದೇ ಬಂದಿದ್ದರು. ಹೊರಡುವಾಗ ನನಗೆ ಮಾತ್ರ ಕೇಳುವಂತೆ, "ರಜೆ ಅಂತ ಬರ್ಕೊಂಡಿದೀನಿ. ಬೇರೇನೂ ಬರ್ಕೊಂಡಿಲ್ಲ," ಎಂದರು.

ನನ್ನ ಮಗಳು, ಅಂದರೆ ಅವಳ ಅಮ್ಮ, ಲಾಂಡ್ರಿಯಲ್ಲಿ ಇಸ್ತ್ರಿ ವಿಭಾಗ ನೋಡಿಕೊಳ್ಳುತ್ತಾಳೆ. ಆ ಸಂಜೆ ಕೆಲಸದಿಂದ ಬಂದವಳು, "ಸ್ವಲ್ಪ ದಿನ ನೋಡೋಣಮ್ಮ, ನಿದ್ದೆ ಸರಿಹೋದ್ರೆ ಎಲ್ಲ ಸರಿಹೋಗುತ್ತೆ," ಎಂದಳು.

ಆ ಮಾತನ್ನು ನಾನು ಹಿಂದೊಮ್ಮೆ ಕೇಳಿದ್ದೆ. ನನ್ನ ತಮ್ಮನಿಗೆ ಹತ್ತೊಂಬತ್ತಾಗಿದ್ದಾಗ ನಮ್ಮಪ್ಪ ಆಡಿದ ಮಾತದು. ನಾವು ಸ್ವಲ್ಪ ದಿನ ನೋಡಿದೆವು. ನೋಡುತ್ತಾ ನೋಡುತ್ತಾ ನಾಲ್ಕು ವರ್ಷವಾಯಿತು. ಬೀಜಗಣಿತದ ಲೆಕ್ಕವನ್ನು ಬಾಯಲ್ಲೇ ಬಿಡಿಸುತ್ತಿದ್ದ ಹುಡುಗ ಈಗ ಅರವತ್ತೆಂಟರ ಮುದುಕ, ದೊಡ್ಡಾಸ್ಪತ್ರೆಯ ಹಿಂದಿನ ವಾರ್ಡಿನಲ್ಲಿದ್ದಾನೆ. ನಾನು ಹೋದಾಗಲೆಲ್ಲ ತನ್ನ ಬಿಸ್ಕತ್ತಿನಲ್ಲಿ ಅರ್ಧ ಮುರಿದು ಕೊಡುತ್ತಾನೆ. ನಾನು ಯಾರೆಂದು ಕೇಳುತ್ತಾನೆ. ಆ ಕಾಲದಲ್ಲಿ ಮನೆ ಬಾಗಿಲಿಗೆ ಯಾರೂ ಬರುತ್ತಿರಲಿಲ್ಲ.

"ನೋಡೋದು ಬೇಡ," ಎಂದು ಮಗಳಿಗೆ ಹೇಳಿ, ಮನೆಗೇ ಬಂದು ನೋಡುವ ಮಾನಸಿಕ ಆರೋಗ್ಯ ಕಚೇರಿಗೆ ನಾನೇ ಫೋನು ಮಾಡಿದೆ. ಹನ್ನೊಂದನೆಯ ದಿನಕ್ಕೆ ಸಿಸ್ಟರ್ ಬಂದರು.

ಬಂದದ್ದು ಹಳೆಯ ಸೈಕಲ್ಲಿನಲ್ಲಿ. ನಾಲ್ಕು ಗಾಲಿಯ ಯಾವುದನ್ನೂ ನಮ್ಮ ಹುಡುಗಿ ನಂಬುತ್ತಿಲ್ಲ ಎಂದು ಫೋನಿನಲ್ಲಿ ಹೇಳಿದ್ದನ್ನು ನೆನಪಿಟ್ಟುಕೊಂಡಿದ್ದರು. ಮುಚ್ಚಿದ ಬಾಗಿಲ ಹೊರಗೆ ನೆಲದ ಮೇಲೆ ಕೂತು, ಕೊರಳಿನ ಗುರುತಿನ ಚೀಟಿ ಬಿಚ್ಚಿ ಬಾಗಿಲ ಸಂದಿಯಿಂದ ಒಳಗೆ ತಳ್ಳಿದರು. "ಇಟ್ಕೊ. ಮುಂದಿನ ಸಲ ಬರೋವರೆಗೆ ನಿನ್ನ ಹತ್ರಾನೇ ಇರ್ಲಿ. ಕಚೇರಿಗೆ ಫೋನ್ ಮಾಡಿ ನಾನು ಹೌದೋ ಅಲ್ವೋ ವಿಚಾರಿಸು." ಮೊಮ್ಮಗಳು ನಿಜವಾಗಿಯೂ ವಿಚಾರಿಸಿದಳು, ಮೂರು ಸಲ. ನಾಲ್ಕನೆಯ ಭೇಟಿಗೆ ಬಾಗಿಲು ಒಂದು ಗೇಣು ತೆರೆಯಿತು. ಡಾಕ್ಟರು ಬಂದು ಸಣ್ಣ ಪ್ರಮಾಣದ ಮಾತ್ರೆ ಕೊಟ್ಟರು. ಸಿಸ್ಟರ್ ವಾರಕ್ಕೊಮ್ಮೆ ಬರುತ್ತಲೇ ಇದ್ದರು. ಸೈಕಲ್ ಗಂಟೆ ಎರಡು ಸಲ ಬಾರಿಸಿದರೆ ಅವರೇ ಎಂದು ಅವರಿಬ್ಬರ ನಡುವೆ ಒಪ್ಪಂದವಾಗಿತ್ತು.

ನನಗೆ ಅವರು ಹೇಳಿದ್ದು ಒಂದೇ ಮಾತು. "ಅಜ್ಜಿ, ಅವಳು ಏನಾದ್ರೂ ಕೇಳಿದ್ರೆ ನಿಜಾನೇ ಹೇಳಿ. ಅವಳಿಗೆ ಬೇಡದ ನಿಜ ಆದ್ರೂ ಪರವಾಗಿಲ್ಲ. ಒಂದು ಸುಳ್ಳು ಸಿಕ್ಕಿಬಿತ್ತು ಅಂದ್ರೆ ನಾವೂ ಆ ಬಸ್ಸುಗಳ ಗುಂಪಿಗೆ ಸೇರ್ಕೋತೀವಿ."

ಅದನ್ನು ಕೇಳಿದ ಮರುವಾರವೇ ನಾನು ದಿನಸಿ ಪಟ್ಟಿ ಎಂದದ್ದು. ಮತ್ತೆ ತಿಂಗಳು ತಿಂಗಳೂ ಅಂದೆ, ಹನ್ನೊಂದು ಸಲ. ಪ್ರತಿಗಳನ್ನು ಬಿಸ್ಕತ್ತಿನ ಹಳೆಯ ಡಬ್ಬಿಯಲ್ಲಿ ಹಾಕಿ ಹೊಲಿಗೆ ಸಾಮಾನಿನ ಕೆಳಗಿಟ್ಟಿದ್ದೆ.

ಈ ಹನ್ನೊಂದು ತಿಂಗಳಲ್ಲಿ ಅವಳು ತಲೆ ಬಾಚಿಕೊಳ್ಳಲು ಶುರುಮಾಡಿದಳು, ಅಮ್ಮನ ಜೊತೆ ಜಗಳವಾಡಲು ಶುರುಮಾಡಿದಳು, ಸಿಸ್ಟರ್ ಜೊತೆ ಡಿಪೋದ ಗೇಟಿನವರೆಗೆ ಹೋಗಿ ಬಂದಳು. ಮುಂದಿನ ತಿಂಗಳಿಂದ ವಾರಕ್ಕೆ ಎರಡು ಬೆಳಿಗ್ಗೆ ಕೆಲಸಕ್ಕೆ ಬರಲಿ ಎಂದು ಮೇಲ್ವಿಚಾರಕರು ಒಪ್ಪಿದ್ದರು. ಮೊದಮೊದಲು ಸಿಸ್ಟರೂ ಜೊತೆಗಿರಬೇಕು ಎನ್ನುವುದು ಒಪ್ಪಂದ.

ಆಗ ಒಂದು ಸೋಮವಾರ ಸಿಸ್ಟರ್ ಟೀ ಲೋಟವನ್ನು ಕೈಯಲ್ಲೇ ಹಿಡಿದು ಕೂತರು. ಟೀ ಮೇಲೆ ಕೆನೆ ಕಟ್ಟಿತು.

"ಅಜ್ಜಿ, ನಾನು ಬರೋದು ಈ ತಿಂಗಳ ಕೊನೆಗೆ ನಿಲ್ಲಬಹುದು. ದೊಡ್ಡಾಸ್ಪತ್ರೇಲಿ ಒಬ್ಬ ಸಿಸ್ಟರ್ ಇನ್ನೂರು ಜನಾನ ನೋಡ್ತಾಳೆ. ನನಗೆ ಇರೋದು ಹದಿನೈದು ಮನೆ. ಇಷ್ಟು ಖರ್ಚು ಮಾಡಿದ್ದಕ್ಕೆ ಏನು ಬಂತು ಅಂತ ಹಣ ಕೊಡೋ ಸಮಿತಿ ಕೇಳ್ತಿದೆ. ಮುಂದಿನ ಸೋಮವಾರ ತೀರ್ಮಾನ."

"ಅವಳ ಕೆಲಸ?"

"ಅವಳೇ ಹೋಗ್ಬೇಕಾಗುತ್ತೆ. ಮಾತ್ರೆಗೆ ದೊಡ್ಡಾಸ್ಪತ್ರೆ ಸಾಲಲ್ಲಿ ನಿಲ್ಬೇಕು, ಮೂರು ತಿಂಗಳಿಗೊಂದ್ಸಲ." ಲೋಟವನ್ನು ಕೆಳಗಿಟ್ಟು, "ಹೋಗ್ತಾಳೆ ಬಿಡಿ, ಗಟ್ಟಿಗಿತ್ತಿ," ಎಂದರು. ಅದನ್ನು ಅವರು ನಂಬಿರಲಿಲ್ಲ. ನನ್ನ ಸಮಾಧಾನಕ್ಕೆ ಹೇಳಿದ್ದು.

ಇದೆಲ್ಲ ಫೈಲಿನವಳದೇ ಕೆಲಸ, ನನ್ನ ಅನುಮಾನ ನಿಜವಾಯಿತು ಎಂದುಕೊಂಡೆ. ಮರುದಿನ ಆಕೆ ಬಂದಾಗ ಕೂರಿ ಎನ್ನಲೂ ಇಲ್ಲ. ಆಕೆ ನಿಂತುಕೊಂಡೇ ಒಂದು ಹಾಳೆ ಬಿಚ್ಚಿ ತೋರಿಸಿದಳು. ಗೆರೆಯೊಂದು ನೆಲಕ್ಕಂಟಿಕೊಂಡು ಈ ಕೊನೆಯಿಂದ ಆ ಕೊನೆಗೆ ಹೋಗಿತ್ತು.

"ಇದು ಮನೆಯವರು ಕಳೆದ ಗಂಟೆಗಳ ಗೆರೆ. ಮೂವರು ಸಿಸ್ಟರ್‌ಗಳ ನಲವತ್ತೊಂದು ಮನೆ ಸೇರಿಸಿ ಹಾಕಿದ್ದು. ಮೊದಲ ತಿಂಗಳಲ್ಲಿ ಎತ್ತರವಾಗಿದ್ದು ಬರ್ತಾ ಬರ್ತಾ ಇಳೀಬೇಕಿತ್ತು. ಆಗ ನಾನು ಸಮಿತಿ ಮುಂದೆ, 'ನೋಡಿ, ಶುರುವಿನಲ್ಲೇ ಕೈಹಿಡಿದಿದ್ದಕ್ಕೆ ಆ ತಾಯಂದಿರು ಕೆಲಸಕ್ಕೆ ವಾಪಸ್ ಹೋದ್ರು, ಯಾರೂ ವಾರ್ಡ್ ಸೇರ್ಲಿಲ್ಲ, ಸಿಸ್ಟರಿಗೆ ಕೊಟ್ಟಿದ್ದಕ್ಕಿಂತ ಉಳಿದಿದ್ದೇ ಜಾಸ್ತಿ' ಅಂತ ಹೇಳಬಹುದಿತ್ತು. ಆದ್ರೆ ಮೂವತ್ಮೂರು ಮನೆಯವರು ಮೊದಲ ತಿಂಗಳಿಗೇ ಸೊನ್ನೆ ಹಾಕಿದಾರೆ. ಆವಾಗಲೂ ಸೊನ್ನೆ, ಈಗಲೂ ಸೊನ್ನೆ ಅಂದ್ಮೇಲೆ ಸಿಸ್ಟರ್ ಬಂದು ಏನು ಕಡಿಮೆ ಮಾಡಿದ ಹಾಗಾಯ್ತು?"

ಆಕೆಗೆ ಕುರ್ಚಿ ತೋರಿಸಿ ನಾನೂ ಕೂತೆ. ಯಾವ ಗೆರೆಗೆ ಹೆದರಿ ಸೊನ್ನೆ ಹಾಕಿದ್ದೆನೋ ಆ ಗೆರೆಯನ್ನು ಎಳೆದವಳು ನಾನೇ ಆಗಿದ್ದೆ. ಉಳಿದ ಮೂವತ್ತೆರಡು ಮನೆಗಳಲ್ಲೂ ಇಂಥದೇ ಒಬ್ಬೊಬ್ಬರು ಭಯದಿಂದಲೋ ನಾಚಿಕೆಯಿಂದಲೋ ಪೆನ್ನು ಹಿಡಿದು ಕೂತಿರಬೇಕು.

"ನಾನು ಸುಳ್ಳು ಬರೆದೆನಮ್ಮ," ಎಂದೆ. "ಈಗ ಸರಿಯಾಗಿ ಬರೆದುಕೊಡ್ತೀನಿ. ಎಲ್ಲ ನೆನಪಿದೆ."

ಆಕೆಗೆ ಸಿಟ್ಟು ಬರಲಿಲ್ಲ. ಗೆರೆಯ ಹಾಳೆ ಮಡಿಸುತ್ತಾ, "ನನಗೂ ಅನುಮಾನ ಇತ್ತಮ್ಮ. ಆದ್ರೆ ನೆನಪಿಂದ ಬರೆದಿದ್ದನ್ನ ಸಮಿತಿ ತಗೊಳ್ಳಲ್ಲ. ಆಯಾ ದಿನವೇ ಬರೆದಿದ್ದು ಬೇಕು," ಎಂದಳು.

ನನಗಿಂತ ಚೆನ್ನಾಗಿ ಇದು ಯಾರಿಗೆ ಗೊತ್ತು? 'ನಂತರ ಬರೆದದ್ದು, ಪರಿಗಣಿಸಲಾಗದು' ಎಂದು ಷರಾ ಹಾಕಿ ಎಷ್ಟು ಅರ್ಜಿಗಳನ್ನು ನಾನೇ ಹಿಂದಿರುಗಿಸಿರಲಿಲ್ಲ!

ಆಕೆ ಹೋದ ಮೇಲೆ ತಿರುಗಿ ನೋಡಿದರೆ ಮೊಮ್ಮಗಳು ನಿಂತಿದ್ದಾಳೆ. ಕೈಯಲ್ಲಿ ಬಿಸ್ಕತ್ತಿನ ಡಬ್ಬಿ.

"ಹೋದ ವಾರ ಸೂಜಿ ಹುಡುಕುವಾಗ ಸಿಕ್ತು," ಎಂದಳು. "ಹದಿನೇಳು ಅಂದ್ರೆ ನಾನು ತಾನೆ?"

"ಹೌದು ಪುಟ್ಟಿ."

"ನನ್ನ ಬಗ್ಗೆ ಯಾರೋ ಬರೀತಿದಾರೆ ಅಂತ ನಾನು ಬಡ್ಕೊಂಡೆ. 'ಇಲ್ಲ ಕಣೆ, ನಿನ್ನ ಭ್ರಮೆ' ಅಂದೋಳು ಯಾರು?"

"ನಾನು."

"ಬರೀತಿದ್ದೋಳು ಯಾರು?"

ನಾನು ತಲೆ ತಗ್ಗಿಸಿದೆ. ಅವಳು ಕೂಗಾಡಿದ್ದರೆ ವಾಸಿಯಿತ್ತು. ಡಬ್ಬಿಯನ್ನು ಮೆಲ್ಲಗೆ ಮೇಜಿನ ಮೇಲಿಟ್ಟು ಒಳಗೆ ಹೋದಳು. ಎಷ್ಟೋ ತಿಂಗಳ ಮೇಲೆ ಚಿಲಕದ ಸದ್ದು ಕೇಳಿತು.

ಎರಡು ದಿನ ನನ್ನ ಕೈಯಿಂದ ಮಾತ್ರೆ ತೆಗೆದುಕೊಳ್ಳಲಿಲ್ಲ. ಅಮ್ಮನ ಕೈಯಿಂದಲೇ ತೆಗೆದುಕೊಂಡಳು, ಅದೂ ಡಬ್ಬಿಯ ಮೇಲಿನ ಹೆಸರು ಓದಿಸಿಕೊಂಡು. ನಾನಿಟ್ಟ ಲೋಟದ ನೀರನ್ನು ಕುಂಡಕ್ಕೆ ಸುರಿದಳು. ಅವಳು ಮೂಗಿನಲ್ಲಿ ಗುನುಗಿದರೂ ನನಗೆ ದಿಗಿಲು. ಮತ್ತೆ ಶುರುವಾಯಿತೇ? ಇಲ್ಲಾ ಬರೀ ನನ್ನ ಮೇಲಿನ ಸಿಟ್ಟೇ? ಕಿವಿಗೊಟ್ಟು ಬಾಗಿಲ ಬಳಿ ನಿಲ್ಲುತ್ತಿದ್ದೆ. ಅವಳು ನನ್ನನ್ನು ಅನುಮಾನಿಸುತ್ತಿದ್ದಳು, ನಾನು ಅವಳನ್ನು. ನಡುವೆ ನನ್ನ ಮಗಳು ಲಾಂಡ್ರಿಯಿಂದ ಬಂದು, "ಏನಾಯ್ತು ನಿಮ್ಮಿಬ್ಬರಿಗೂ? ಒಳ್ಳೆ ಪೊಲೀಸು ಕಳ್ಳನ ಥರ ಆಡ್ತಿದೀರಲ್ಲ!" ಎಂದಳು.

"ಇಬ್ರಲ್ಲಿ ಕಳ್ಳ ಯಾರು ಅಂತ ನಿನ್ನಮ್ಮನ್ನೇ ಕೇಳು," ಎಂದು ಒಳಗಿನಿಂದ ಉತ್ತರ ಬಂತು.

ನಾನು ಫೋನು ಮಾಡಿದ್ದರಿಂದ ಗುರುವಾರವೇ ಸೈಕಲ್ ಗಂಟೆ ಎರಡು ಸಲ ಬಾರಿಸಿತು. ಸಿಸ್ಟರ್ ಅವಳ ಕೋಣೆಯಲ್ಲಿ ಬಹಳ ಹೊತ್ತು ಇದ್ದರು. ಹೋಗುವಾಗ ನನ್ನ ಭುಜ ಮುಟ್ಟಿದರು.

ಮಧ್ಯಾಹ್ನ ಮೊಮ್ಮಗಳು ಮೂರು ಉದ್ದನೆಯ ಪುಸ್ತಕಗಳನ್ನು ತಂದು ನನ್ನೆದುರು ದೊಪ್ಪೆಂದು ಹಾಕಿದಳು. ಡಿಪೋದ ಸಮಯದ ಪುಸ್ತಕಗಳು. ಖಾಲಿ ಇದ್ದವನ್ನು ಮೊದಲೇ ತಂದಿಟ್ಟುಕೊಂಡಿದ್ದಳಂತೆ.

"ನೀನು ನನ್ನ ಬಗ್ಗೆ ಬರೆದ್ರೆ ನಾನೇನು ಸುಮ್ನೆ ಕೂತಿದ್ನಾ? ನಾನೂ ನಿಮ್ಮ ಬಗ್ಗೆ ಬರೆದಿದೀನಿ. ಒಬ್ಬರನ್ನೂ ಬಿಟ್ಟಿಲ್ಲ. ಆಯಾ ದಿನವೇ, ಆಯಾ ಹೊತ್ತಿಗೇ."

ತೆರೆದೆ. ಮುತ್ತಿನಂಥ ಅದೇ ಅಕ್ಷರ. ಬಸ್ಸಿನ ನಂಬರಿನ ಜಾಗದಲ್ಲಿ ಅಜ್ಜಿ, ಅಮ್ಮ. ಮುಂದೆ ಬಂದ ಹೊತ್ತು, ಹೋದ ಹೊತ್ತು, ಷರಾ.

'ಅಜ್ಜಿ. 8.05ರಿಂದ 9.40. ನನ್ನ ಬಾಗಿಲ ಹೊರಗೆ. ಬಟ್ಟೆ ಒಣಗಿದೆಯಾ ನೋಡುವ ನಾಟಕ. ಬಟ್ಟೆ ಹಾಕಿಯೇ ಇಲ್ಲ.'

'ಅಮ್ಮ ಕೆಲಸಕ್ಕೆ ಹೋಗಲಿಲ್ಲ. ಹೊಟ್ಟೆನೋವು ಎಂದು ಫೋನಿನಲ್ಲಿ ಹೇಳಿದಳು. ಹೊಟ್ಟೆ ಹಿಡಿದುಕೊಂಡಿಲ್ಲ. ಯಾರಿಗೆ ವರದಿ ಮಾಡುತ್ತಿದ್ದಾಳೆ?'

'ಅಜ್ಜಿ. 2.10ರಿಂದ 5.30. ಕುರ್ಚಿ ಎಳೆದುಕೊಂಡು ಕೂತಿದ್ದಾಳೆ. ಪುಸ್ತಕ ತಲೆಕೆಳಗು.'

ನನಗೆ ನಗು ಬಂತು, ಅದರ ಬೆನ್ನಲ್ಲೇ ಕಣ್ಣು ಮಂಜಾಯಿತು. ಮೊದಲ ತಿಂಗಳಿಗೇ ಒಂದು ಪುಸ್ತಕ ತುಂಬಿಹೋಗಿತ್ತು. ಎರಡನೆಯದು ನಾಲ್ಕು ತಿಂಗಳಿಗೆ ಸಾಕಾಗಿತ್ತು. ಮೂರನೆಯದು ಇನ್ನೂ ಅರ್ಧ ಖಾಲಿ. ಅದರ ಕೊನೆಯ ಪುಟದಲ್ಲಿ ಹೀಗಿತ್ತು: 'ಸಿಸ್ಟರ್ 10.20, ಹೊರಟಿದ್ದು 11.05. ಅಜ್ಜಿ ಮಲಗಿದ್ದಾಳೆ. ಗೊರಕೆ.'

"ನಾನು ಗೊರಕೆ ಹೊಡೆಯಲ್ಲ," ಎಂದೆ.

"ಬರೆದಿಟ್ಟಿದೆಯಲ್ಲಜ್ಜಿ," ಎಂದಳು. ಆಮೇಲೆ ದನಿ ತಗ್ಗಿತು. "ಇದನ್ನ ಕೊಡಬಹುದಾ ಅಂತ ಸಿಸ್ಟರ್‌ನ ಕೇಳ್ದೆ. 'ಪುಸ್ತಕ ನಿಂದು, ತೀರ್ಮಾನ ನಿಂದು. ಕೊಡ್ಲಿಲ್ಲ ಅಂದ್ರೂ ನಾನು ಬೇಜಾರು ಮಾಡ್ಕೊಳಲ್ಲ' ಅಂದ್ರು. ಕೊಡು ಅಂತ ಒತ್ತಾಯ ಮಾಡಿದ್ರೆ ಕೊಡ್ತಿರ್ಲಿಲ್ಲ."

ಆ ದಿನ ಮತ್ತು ಮರುದಿನ ನಾವಿಬ್ಬರೂ ಮೇಜಿನ ಮುಂದೆ ಕೂತೆವು. ಅವಳು ಓದಿದಳು, ನಾನು ಕೂಡಿದೆ. ಕೆಲವು ಪುಟ ಬಂದಾಗ ಅವಳು ಷರಾ ಬಿಟ್ಟು ಗಂಟೆಗಳನ್ನಷ್ಟೇ ಹೇಳುತ್ತಿದ್ದಳು, ನಾನು ಅಷ್ಟನ್ನೇ ಬರೆದುಕೊಳ್ಳುತ್ತಿದ್ದೆ. ಮೊದಲ ತಿಂಗಳು ನನ್ನದು ನೂರ ನಲವತ್ತೆಂಟು ಗಂಟೆ, ಅವಳಮ್ಮನ ರಜೆ ಹದಿನಾಲ್ಕು ದಿನ. ಹನ್ನೊಂದನೆಯ ತಿಂಗಳು ಆರು ಗಂಟೆ, ರಜೆ ಇಲ್ಲ.

"ನೂರ ನಲವತ್ತೆಂಟು ಗಂಟೆ ಆ ಕುರ್ಚಿಮೇಲೆ ಕೂತಿದ್ಯಾ?" ಎಂದಳು.

"ನಿಂತಿದ್ದೂ ಉಂಟು."

ಅವಳು ನನ್ನ ಲೋಟದಿಂದ ಒಂದು ಗುಟುಕು ನೀರು ಕುಡಿದಳು. ನಾನು ನೋಡಿದ್ದು ಅವಳಿಗೆ ಗೊತ್ತಾಗದಂತೆ ಪುಸ್ತಕದ ಕಡೆ ತಿರುಗಿದೆ.

ಶನಿವಾರ ಫೈಲಿನವಳು ಬಂದಾಗ ಬಾಗಿಲು ತೆರೆದದ್ದು ಮೊಮ್ಮಗಳು. ಹೊಸಬರಿಗೆ ಅವಳು ಬಾಗಿಲು ತೆರೆದು ವರ್ಷವಾಗಿತ್ತು. ಗುರುತಿನ ಚೀಟಿ ಇಸಿದುಕೊಂಡು ಎರಡೂ ಕಡೆ ಓದಿ, ಫೋಟೋವನ್ನೂ ಮುಖವನ್ನೂ ಹೋಲಿಸಿ, "ಫೋಟೋದಲ್ಲಿ ಇನ್ನೂ ಚೆನ್ನಾಗಿದೀರ," ಎಂದು ಒಳಗೆ ಬಿಟ್ಟಳು.

ಅವಳ ಷರತ್ತು ಒಂದೇ. ಹೊತ್ತಿನ ಕಲಂ ನೋಡಬಹುದು, ಷರಾ ಕಲಂ ನೋಡುವಂತಿಲ್ಲ. ಬಟ್ಟೆ ಒಣಹಾಕುವ ಕ್ಲಿಪ್ಪುಗಳಿಂದ ಪುಟದ ಆ ಅಂಚನ್ನು ಮಡಿಸಿ ಸಿಕ್ಕಿಸಿದ್ದಳು. ಫೈಲಿನವಳು ಒಂದೊಂದು ಕ್ಲಿಪ್ಪನ್ನೂ ಹಾಗೇ ಜೋಪಾನವಾಗಿಟ್ಟು ಪುಟ ತಿರುಗಿಸಿದಳು. ಒಂದು ಕ್ಲಿಪ್ಪು ತಾನಾಗಿ ಕಳಚಿ ಬಿತ್ತು. ಆಕೆ ತಕ್ಷಣ ಮುಖ ಗೋಡೆಗೆ ತಿರುಗಿಸಿ, "ಹಾಕಿಬಿಡಿ, ನಾನು ನೋಡಿಲ್ಲ," ಎಂದಳು. ಆಕೆ ಮೊದಲ ದಿನ ಗಡಿಯಾರ ನೋಡಿದ್ದನ್ನು ನಾನು ಮರೆತದ್ದು ಆಗ.

ಎಲ್ಲ ಮುಗಿದ ಮೇಲೆ ಆಕೆ ಉಸಿರುಬಿಟ್ಟು, "ಒಂದು ಮನೆಯಿಂದ ಗೆರೆ ಏಳಲ್ಲ. ಆದ್ರೆ ಈ ಸೊನ್ನೆಗಳು ಸೊನ್ನೆ ಅಲ್ಲ ಅಂತ ಸಮಿತಿಗೆ ತೋರಿಸಬಹುದು. ಇನ್ನೊಂದು ಸಲ ಕೇಳೋಕೆ ಅವಕಾಶ ಕೊಡಿ ಅನ್ಬಹುದು," ಎಂದಳು.

"ಇದೇ ಪ್ರಶ್ನೆ ಕೇಳಿದ್ರೆ ಮತ್ತೆ ಸೊನ್ನೇನೇ ಬರುತ್ತಮ್ಮ," ಎಂದೆ. "ಎಷ್ಟು ಗಂಟೆ ನೋಡ್ಕೊಂಡ್ರಿ ಅಂದ್ರೆ ಯಾವ ತಾಯಿ ತಾನೆ ಬರೀತಾಳೆ? ಮನೆಯವರಿಗೆ ಹೊರೆ ಅಂತ ಮಗಳ ಮೇಲೆ ದೂರು ಬರೆದ ಹಾಗಾಗುತ್ತೆ. ಈ ವಾರ ಮನೆ ಬಿಟ್ಟು ಹೊರಗೆ ಹೋಗೋಕೆ ಎಷ್ಟು ಸಲ ಧೈರ್ಯ ಬರ್ಲಿಲ್ಲ ಅಂತ ಕೇಳಿ. ಹೇಳ್ತಾರೆ. ಮತ್ತೆ ಈ ಹಾಳೆ ಯಾಕೆ ಅಂತ ಮೇಲ್ಗಡೇನೇ ಬರೀರಿ. 'ಎಲ್ಲರಿಗೂ' ಅನ್ನಬೇಡಿ."

ಆಕೆ ಅದನ್ನು ಬರೆದುಕೊಂಡಳು. ನಾನು ಹೇಳಿದ್ದನ್ನು ಬರೆದುಕೊಳ್ಳುತ್ತಿದ್ದಾಳೆ ಎಂದು ಮೊಮ್ಮಗಳು ನನಗೆ ಕಣ್ಣು ಹೊಡೆದಳು.

ಸಮಿತಿ ಆರು ತಿಂಗಳು ಕೊಟ್ಟಿತು. ಅದಕ್ಕಿಂತ ಹೆಚ್ಚಿಲ್ಲ. ಸಿಸ್ಟರಿಗೆ ಹದಿನೈದರ ಬದಲು ಇಪ್ಪತ್ತು ಮನೆ. ಸೈಕಲ್ಲಿಗೆ ಹೊಸ ಚೈನು ಹಾಕಿಸಿಕೊಂಡರು. ಮೊದಲ ಬುಧವಾರ ಬೆಳಿಗ್ಗೆ ಮೊಮ್ಮಗಳು ಡಿಪೋಗೆ ಹೋದಳು. ಸಿಸ್ಟರ್ ಸೈಕಲ್ ತಳ್ಳಿಕೊಂಡು ಅವಳ ಪಕ್ಕದಲ್ಲಿ ನಡೆದರು. ನಾನು ಕಿಟಕಿಯಲ್ಲಿ ನಿಂತಿದ್ದೆ. ಅವಳು ತಿರುವಿನಲ್ಲಿ ನಿಂತು, "ಅಜ್ಜೀ, 8.05! ಬಟ್ಟೆ ಒಣಗಿದೆಯಾ?" ಎಂದು ಬೀದಿಗೆಲ್ಲ ಕೇಳುವಂತೆ ಕೂಗಿದಳು.

ತಿಂಗಳ ಕೊನೆಗೆ ಹೊಸ ಹಾಳೆ ಬಂತು. ಪ್ರಶ್ನೆ ಬದಲಾಗಿತ್ತು. ಈ ಸಲ ಮನೆಯವರಿಗೊಂದು, ಅವಳಿಗೇ ಒಂದು. ನನ್ನದನ್ನು ತುಂಬಿ ಅವಳ ಕೈಗೆ ಕೊಟ್ಟೆ. ಓದಿ ತಲೆಯಾಡಿಸಿದಳು. ಅವಳು ತನ್ನದನ್ನು ಮೇಜಿನ ಆಚೆ ತುದಿಯಲ್ಲಿ ಕೂತು, ಎಡಗೈ ಅಡ್ಡ ಹಿಡಿದು ಬರೆಯುತ್ತಿದ್ದಳು. ನಾನು ಕನ್ನಡಕ ಸರಿಮಾಡಿಕೊಂಡು ಕತ್ತು ಚಾಚಿದೆ. ಹಾಳೆಯ ಕೆಳಗಿಂದ ಕಾರ್ಬನ್ನಿನ ನೀಲಿ ಅಂಚು ಇಣುಕುತ್ತಿತ್ತು.

"ಏನೇ ಬರೀತಿದೀಯ ಅಷ್ಟೊತ್ತಿಂದ?"

ಅವಳು ತಲೆ ಎತ್ತಲಿಲ್ಲ.

"ದಿನಸಿ ಪಟ್ಟಿ ಕಣಜ್ಜಿ."